ಮೊದಲು ಕಿಟಕಿಯ ಕೊಕ್ಕೆ, ಆಮೇಲೆ ಫಿಲ್ಟರ್: ಶಾಲಾ ಕೊಠಡಿಯ ಗಾಳಿಗಾಗಿ ನಾವು ಕೆಲಸ ಮಾಡುವ ಬಗೆ

ಮಕ್ಕಳಿಗೆ ಒಳ್ಳೆಯ ಗಾಳಿ ಬೇಕು ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಹೇಳಿದರೆ ಬೇಡ ಎನ್ನುವವರು ಯಾರೂ ಇಲ್ಲ. ಎಲ್ಲರೂ ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. ಅದರ ಬದಲು, "3ನೇ ಕೊಠಡಿಯ ಎಡಗಡೆ ಕಿಟಕಿಗೆ ಕೊಕ್ಕೆ ಇಲ್ಲ. ಗಾಳಿಗೆ ಬಡಿದುಕೊಳ್ಳುತ್ತದೆ ಎಂದು ತಂತಿ ಸುತ್ತಿ ಮುಚ್ಚಿದ್ದಾರೆ. ಎರಡು ಕೊಕ್ಕೆ ಹಾಕಿಸಿದರೆ ತೆರೆದಿಡಬಹುದು" ಎಂದು ಹೇಳಿ ನೋಡಿ. ಆಗ ಯಾರಾದರೊಬ್ಬರು ಬಡಗಿಯ ಫೋನ್ ನಂಬರ್ ಹುಡುಕತೊಡಗುತ್ತಾರೆ. ಗಾಳಿಯ ವಿಷಯದಲ್ಲಿ ದೊಡ್ಡ ಬೇಡಿಕೆ ಸಭೆಯಲ್ಲೇ ಸತ್ತುಹೋಗುತ್ತದೆ, ಚಿಕ್ಕ ಬೇಡಿಕೆ ಕೈಗೂಡುತ್ತದೆ. ಕೆಳಗಿನದ್ದೆಲ್ಲ ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

ಮೊದಲು ಬೇಕಾದದ್ದು ಕಾರ್ಬನ್ ಡೈಆಕ್ಸೈಡ್ ಅಳೆಯುವ ಮೀಟರ್. ನಾವು ಉಸಿರಿನಲ್ಲಿ ಹೊರಬಿಡುವ ಈ ಅನಿಲ ಕೊಠಡಿಯಲ್ಲಿ ಏರಿದ್ದರೆ ಹೊಸ ಗಾಳಿ ಸಾಲುತ್ತಿಲ್ಲ ಎಂದರ್ಥ. ಕೊಳ್ಳುವಾಗ ಆ ಅನಿಲವನ್ನೇ ನೇರವಾಗಿ ಅಳೆಯುವ ಎನ್‌ಡಿಐಆರ್ ಅಥವಾ ಫೋಟೋಅಕೌಸ್ಟಿಕ್ ಸೆನ್ಸರ್ ಇದೆಯೇ ಎಂದು ಕೇಳಿ. ಅಗ್ಗದ ಹಲವು ಮೀಟರ್‌ಗಳು ಗಾಳಿಯಲ್ಲಿನ ಬೇರೆ ಆವಿಗಳನ್ನು ಅಳೆದು, ಅದರಿಂದ ಕಾರ್ಬನ್ ಡೈಆಕ್ಸೈಡ್ ಎಷ್ಟಿರಬಹುದು ಎಂದು ಊಹಿಸಿ ತೋರಿಸುತ್ತವೆ. ಅಂಥದ್ದರ ಹತ್ತಿರ ಫಿನಾಯಿಲ್ ಬಾಟಲಿ ಅಥವಾ ಸ್ಯಾನಿಟೈಸರ್ ತಂದರೆ ಸಂಖ್ಯೆ ಸಾವಿರಗಟ್ಟಲೆ ಏರುತ್ತದೆ. ಅಂಗಡಿಯಲ್ಲೇ ಹೀಗೆ ಪರೀಕ್ಷೆ ಮಾಡಿ, ಏರಿದರೆ ಅದು ಬೇಡ.

ಮೀಟರನ್ನು ಮೊದಲು ಹೊರಗೆ ನೆರಳಿನಲ್ಲಿ, ರಸ್ತೆಯಿಂದ ದೂರ, 20 ನಿಮಿಷ ಇಡಬೇಕು. 420ರಿಂದ 450 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಷ್ಟು ಭಾಗ) ಒಳಗೆ ತೋರಿಸಿದರೆ ಸರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ವಾಯುಭಾರ ಕಡಿಮೆ. ಎತ್ತರದ ಲೆಕ್ಕ ಹಾಕದ ಮೀಟರ್ ಇಲ್ಲಿ ಶೇ 10ರಷ್ಟು ಕಡಿಮೆ ತೋರಿಸುತ್ತದೆ. ಮಂಗಳೂರಿನಲ್ಲಿ ಸರಿಯಾಗಿದ್ದದ್ದು ಮಡಿಕೇರಿಯಲ್ಲಿ ತಪ್ಪುವುದು ಇದೇ ಕಾರಣಕ್ಕೆ. ಸೆಟ್ಟಿಂಗ್‌ನಲ್ಲಿ ಎತ್ತರ ನಮೂದಿಸುವ ಅವಕಾಶ ಇದ್ದರೆ ನಮೂದಿಸಿ, ಇಲ್ಲದಿದ್ದರೆ ಹೊರಗಿಟ್ಟು ಕ್ಯಾಲಿಬ್ರೇಟ್ ಮಾಡಿ, ಅಂದರೆ ಹೊರಗಿನ ಗಾಳಿಗೆ ಸರಿಹೊಂದಿಸಿ. ಇನ್ನೊಂದು ತೊಂದರೆ ತಾನಾಗಿ ಕ್ಯಾಲಿಬ್ರೇಟ್ ಮಾಡಿಕೊಳ್ಳುವ ಮೀಟರ್‌ಗಳದ್ದು. ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಸಂಖ್ಯೆಯನ್ನೇ ಅವು ಹೊರಗಿನ ಗಾಳಿ ಎಂದು ನಂಬುತ್ತವೆ. ಸಾಧಾರಣ ಕೊಠಡಿಯಲ್ಲಿ ರಾತ್ರಿ ಹೊತ್ತು ಗಾಳಿ ತಾನೇ ತಿಳಿಯಾಗುವುದರಿಂದ ತೊಂದರೆಯಿಲ್ಲ. ಬಿಗಿಯಾಗಿ ಮುಚ್ಚಿದ ಕಂಪ್ಯೂಟರ್ ಕೊಠಡಿಯಲ್ಲಿ ವಾರಗಟ್ಟಲೆ ಬಿಟ್ಟರೆ ಮಾತ್ರ ಅದು 550 ಇರುವುದನ್ನು 400 ಎಂದು ತಿಳಿದು, ಅಲ್ಲಿಂದಾಚೆಗೆ ಎಲ್ಲವನ್ನೂ ಕಡಿಮೆ ತೋರಿಸುತ್ತದೆ.

ಅಳೆಯುವ ಮುಂಚೆ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆಯಲೇಬೇಕು. ಮೀಟರನ್ನು ಮಗುವಿನ ಬ್ಯಾಗಿನಲ್ಲಿ ಬಚ್ಚಿಟ್ಟು ಕಳಿಸುವುದು, ಫೋಟೋ ತೆಗೆದು ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು, ಇವೆರಡನ್ನೂ ನಾವು ಮಾಡುವುದಿಲ್ಲ. ಸಂಖ್ಯೆ ಮೊದಲು ಗುಂಪಿನಲ್ಲಿ ಕಂಡರೆ ಶಿಕ್ಷಕರಿಗೆ ಅದು ದೂರಿನಂತೆ ಕಾಣುತ್ತದೆ. ಆಮೇಲೆ ಕಿಟಕಿ ತೆರೆಯಬೇಕಾದವರೂ ಅವರೇ. ಆ ಕೊಠಡಿಯಲ್ಲಿ ದಿನಕ್ಕೆ ಆರು ಗಂಟೆ ಉಸಿರಾಡುವವರು ಅವರೂ ಹೌದು ಎಂಬುದನ್ನು ಮೊದಲ ಮಾತಿನಲ್ಲೇ ಹೇಳಬೇಕು.

ಮೀಟರ್ ಇಡುವ ಎತ್ತರ ಕುಳಿತ ಮಗುವಿನ ಮೂಗಿನ ಮಟ್ಟ, ಅಂದರೆ ನೆಲದಿಂದ ಸುಮಾರು ಮೂರು ಅಡಿ. ಯಾವ ಮಗುವಿನಿಂದಲೂ ಕನಿಷ್ಠ ಮೂರು ಅಡಿ ದೂರ ಇರಲಿ, ಮುಖದ ಮುಂದೆ ಇದ್ದರೆ ಸಂಖ್ಯೆ ಸುಮ್ಮನೆ ಹಾರುತ್ತದೆ. ಕಿಟಕಿಯ ಕಟ್ಟೆಯ ಮೇಲೆ, ಬಿಸಿಲಿನಲ್ಲಿ ಬೇಡ. ಐದು ಶಾಲಾ ದಿನ ಅಳೆದು, ಪ್ರತಿ ಪೀರಿಯಡ್‌ಗೆ ಒಂದು ಸಾಲು ಬರೆಯಬೇಕು: ಹೊತ್ತು, ಮಕ್ಕಳ ಸಂಖ್ಯೆ, ತೆರೆದ ಕಿಟಕಿ ಎಷ್ಟು, ಬಾಗಿಲು ತೆರೆದಿತ್ತೇ, ಮಳೆ ಇತ್ತೇ. ಮಕ್ಕಳ ಸಂಖ್ಯೆ ಬರೆಯದ ಅಳತೆಯಿಂದ ಏನೂ ಪ್ರಯೋಜನವಿಲ್ಲ. ಹಾಜರಾತಿ 22 ಇದ್ದ ದಿನವನ್ನು 40 ಇದ್ದ ದಿನದ ಜೊತೆ ಹೋಲಿಸಿ "ಸುಧಾರಿಸಿದೆ" ಎನ್ನುವ ತಪ್ಪು ಇದರಿಂದಲೇ ಆಗುತ್ತದೆ.

20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಕೊಠಡಿಯಲ್ಲಿ ಸುಮಾರು 113 ಘನ ಮೀಟರ್ ಗಾಳಿ ಇರುತ್ತದೆ. 40 ಮಕ್ಕಳು ಕುಳಿತು ಎಲ್ಲವನ್ನೂ ಮುಚ್ಚಿದರೆ ಕಾರ್ಬನ್ ಡೈಆಕ್ಸೈಡ್ ನಿಮಿಷಕ್ಕೆ ಹತ್ತಿರ ಹತ್ತಿರ 70 ಪಿಪಿಎಂ ಏರುತ್ತದೆ. ಹತ್ತೇ ನಿಮಿಷದಲ್ಲಿ ಸಾವಿರ ದಾಟುತ್ತದೆ. ಗಂಟೆಗೆ ಎರಡು ಸಲ ಗಾಳಿ ಬದಲಾಗುವ ಕೊಠಡಿಯಾದರೆ 2,600ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಆರು ಸಲ ಬದಲಾದರೆ 1,150ರ ಹತ್ತಿರ. ನಾವು ಇಟ್ಟುಕೊಳ್ಳುವ ಗುರಿ 1,000ಕ್ಕಿಂತ ಕೆಳಗೆ. ಕಿಕ್ಕಿರಿದ ಕೊಠಡಿಯಲ್ಲಿ 1,200ಕ್ಕೆ ಇಳಿದರೂ ಮೊದಲ ವರ್ಷಕ್ಕೆ ಸಾಕು.

ಪೋಷಕರಿಗೆ ಪಿಪಿಎಂ ಲೆಕ್ಕ ಹೇಳಿ ಫಲವಿಲ್ಲ. ನಾವು ಹೇಳುವುದು ಹೀಗೆ: ನಾವು ಹೊರಬಿಡುವ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 40,000 ಪಿಪಿಎಂ ಇರುತ್ತದೆ. ಕೊಠಡಿಯಲ್ಲಿ 2,000 ಇದ್ದರೆ, ಮಗು ಎಳೆದುಕೊಳ್ಳುವ 25 ಉಸಿರಿನಲ್ಲಿ ಒಂದು ಉಸಿರಿನಷ್ಟು ಗಾಳಿ ಆಗಲೇ ಯಾರದೋ ಶ್ವಾಸಕೋಶದಿಂದ ಹೊರಬಂದದ್ದು. ದಡಾರ, ಕ್ಷಯ, ಫ್ಲೂ, ಕೋವಿಡ್ ಎಲ್ಲವೂ ಈ ಪಾಲಿನಲ್ಲೇ ಸಾಗುತ್ತವೆ. ಇಷ್ಟು ಕೇಳಿದ ತಾಯಂದಿರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ ಎಂದು ಕಂಡುಹಿಡಿಯಲು ಸಂಜೆ ಬೆಲ್ ಹೊಡೆದ ಮೇಲೆ ಅರ್ಧ ಗಂಟೆ ಸಾಕು. ಮಕ್ಕಳೆಲ್ಲ ಹೊರಟ ತಕ್ಷಣ ಕಿಟಕಿ ಬಾಗಿಲುಗಳನ್ನು ಪಾಠದ ಹೊತ್ತಿನಲ್ಲಿ ಇದ್ದಂತೆಯೇ ಇಟ್ಟು, ಫ್ಯಾನ್ ಹಾಕಿ, ಮೀಟರ್ ಬಿಟ್ಟು ಹೊರಗೆ ಬನ್ನಿ. ಆರಂಭದಲ್ಲಿ 1,800, ಹೊರಗೆ 430 ಎಂದಿಟ್ಟುಕೊಳ್ಳಿ. ಹೆಚ್ಚುವರಿ 1,370. ಅದು ಶೇ 37ಕ್ಕೆ, ಅಂದರೆ ಸುಮಾರು 507ಕ್ಕೆ ಇಳಿದಾಗ ಮೀಟರ್ 937 ತೋರಿಸುತ್ತದೆ. ಅಲ್ಲಿಗೆ ಬರಲು ಹಿಡಿದ ಹೊತ್ತೇ ಒಂದು ಸಲ ಗಾಳಿ ಬದಲಾಗುವ ಹೊತ್ತು. 30 ನಿಮಿಷ ಹಿಡಿದರೆ ಗಂಟೆಗೆ ಎರಡು ಸಲ. ಕೊಕ್ಕೆ ಹಾಕಿಸುವ ಮುಂಚೆ ಒಮ್ಮೆ, ಹಾಕಿಸಿದ ಮೇಲೆ ಕಿಟಕಿ ತೆರೆದು ಒಮ್ಮೆ ಇದನ್ನು ಮಾಡಿ. ಮಕ್ಕಳ ಸಂಖ್ಯೆಯ ತಕರಾರೇ ಇಲ್ಲದ ಹೋಲಿಕೆ ಇದು, ಸಭೆಯಲ್ಲಿ ಯಾರೂ ಅಲ್ಲಗಳೆಯಲಾಗುವುದಿಲ್ಲ.

ಇನ್ನು ಕೊಠಡಿ ಸುತ್ತುವ ಕೆಲಸ. ಒಂದು ಊದುಬತ್ತಿ ಹಚ್ಚಿಕೊಂಡು ರಜಾದಿನ ಪ್ರತಿ ಕಿಟಕಿ, ಬಾಗಿಲು, ಮೇಲಿನ ವೆಂಟಿಲೇಟರ್ ಹತ್ತಿರ ಹಿಡಿಯಿರಿ. ಹೊಗೆ ಯಾವ ಕಡೆ ವಾಲುತ್ತದೆ ಎಂಬುದೇ ಗಾಳಿಯ ದಾರಿ. ಒಂದೇ ಗೋಡೆಯ ಎರಡು ಕಿಟಕಿ ತೆರೆದರೆ ಹೊಗೆ ಅಲ್ಲೇ ಸುಳಿದಾಡುತ್ತದೆ. ಎದುರು ಗೋಡೆಯಲ್ಲಿ ಅಂಗೈ ಅಗಲದ ಸಂದು ಬಿಟ್ಟರೂ ಸರ್ರನೆ ಹೊರಟುಬಿಡುತ್ತದೆ. ಹಾಗಾಗಿ ವರಾಂಡದ ಬಾಗಿಲು ಮತ್ತು ಅದರ ಎದುರಿನ ಕಿಟಕಿ, ಇವೆರಡೇ ಬಹುಪಾಲು ಕೆಲಸ ಮಾಡುತ್ತವೆ. ವೆಂಟಿಲೇಟರ್‌ಗಳನ್ನು ನೋಡಲು ಏಣಿ ಬೇಕು. ಪಾರಿವಾಳದ ಗೂಡು, ಹಳೆಯ ಫ್ಲೆಕ್ಸ್, ರಟ್ಟು ತುಂಬಿ ಮುಚ್ಚಿಹೋಗಿರುತ್ತವೆ. ಬಿಸಿಗಾಳಿ ಮೇಲಕ್ಕೆ ಏರಿ ಹೊರಹೋಗುವ ದಾರಿ ಅದೇ. ಸ್ವಚ್ಛ ಮಾಡಿ ಕಬ್ಬಿಣದ ಜಾಲರಿ ಹೊಡೆಸಿದರೆ ಪಾರಿವಾಳ ಮತ್ತೆ ಬರುವುದಿಲ್ಲ. ಸೀಲಿಂಗ್ ಫ್ಯಾನ್ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊಸದನ್ನು ತರುವುದಿಲ್ಲ. ಸ್ಪ್ಲಿಟ್ ಎಸಿಯೂ ಹಾಗೆಯೇ. ನಾವು ಅಳೆದ ಕೊಠಡಿಗಳಲ್ಲಿ ಅತಿ ಹೆಚ್ಚಿನ ಸಂಖ್ಯೆ ಕಾಣುವುದು ಎಸಿ ಹಾಕಿ ಎಲ್ಲ ಮುಚ್ಚಿದ ಸ್ಮಾರ್ಟ್ ಕ್ಲಾಸ್ ಮತ್ತು ಕಂಪ್ಯೂಟರ್ ಕೊಠಡಿಗಳಲ್ಲೇ.

ಕಿಟಕಿ ಮುಚ್ಚಿರುವುದಕ್ಕೆ ಪ್ರತಿಸಲವೂ ಒಂದು ಕಾರಣ ಇರುತ್ತದೆ, ಅದನ್ನು ಕೇಳದೆ "ತೆರೆಯಿರಿ" ಎನ್ನಬಾರದು. ಸೊಳ್ಳೆ ಕಾರಣವಾದರೆ ಜಾಲರಿ ಬೇಕು. ಆದರೆ ತೀರ ಸಣ್ಣ ಕಣ್ಣಿನ ಜಾಲರಿ ಗಾಳಿಯನ್ನು ಗಣನೀಯವಾಗಿ ತಡೆಯುತ್ತದೆ, ಧೂಳು ಕಟ್ಟಿದರೆ ಇನ್ನೂ ಹೆಚ್ಚು. ಕಳಚಿ ತೊಳೆಯಲು ಬರುವಂತೆ ವೆಲ್ಕ್ರೋ ಪಟ್ಟಿಯಲ್ಲಿ ಅಂಟಿಸಿ. ಇರಚಲು ಕಾರಣವಾದರೆ ಕಿಟಕಿಯ ಮೇಲೆ ಎರಡು ಅಡಿ ಮುಂದೆ ಚಾಚಿದ ಶೀಟ್. ಬೋರ್ಡಿನ ಮೇಲೆ ಬಿಸಿಲು ಹೊಳೆಯುವುದು ಕಾರಣವಾದರೆ ಬೋರ್ಡನ್ನೇ ಬೇರೆ ಗೋಡೆಗೆ ಸರಿಸುವುದು ಅಗ್ಗ. ಮಂಗಗಳ ಕಾಟಕ್ಕೆ ಸರಳಿನ ಮೇಲೆ ವೆಲ್ಡ್ ಮೆಶ್. ಎಲ್ಲಕ್ಕಿಂತ ಸಾಮಾನ್ಯ ಕಾರಣ ಮುರಿದ ಚಿಲಕ, ಇಲ್ಲದ ಕೊಕ್ಕೆ, ತುಕ್ಕು ಹಿಡಿದ ಹಿಂಜ್.

ಕಿಟಕಿಗಳೆಲ್ಲ ತೆರೆದ ಮೇಲೂ 1,500ರಿಂದ ಇಳಿಯದಿದ್ದರೆ ಎಕ್ಸಾಸ್ಟ್ ಫ್ಯಾನ್. 12 ಇಂಚಿನ ಫ್ಯಾನನ್ನು ಬಾಗಿಲಿನ ಎದುರು ಗೋಡೆಯಲ್ಲಿ ಎತ್ತರದಲ್ಲಿ, ಗಾಳಿ ಹೊರಗೆ ತಳ್ಳುವಂತೆ ಕೂರಿಸಿ. ತೆರೆದ ಕಿಟಕಿಯ ನೆತ್ತಿಯ ಮೇಲೆಯೇ ಕೂರಿಸಿದರೆ ಆ ಕಿಟಕಿಯ ಗಾಳಿಯನ್ನೇ ಎಳೆದು ಬಿಸಾಡುತ್ತದೆ, ಮಕ್ಕಳ ಕಡೆಯ ಗಾಳಿ ಕದಲುವುದಿಲ್ಲ. 1,400 ಆರ್‌ಪಿಎಂ ಫ್ಯಾನ್ ಬೇಡ, 900 ಆರ್‌ಪಿಎಂ ಕೊಳ್ಳಿ. ವೇಗದ ಫ್ಯಾನಿನ ಸದ್ದಿಗೆ ಶಿಕ್ಷಕರ ಗಂಟಲು ಹೋಗುತ್ತದೆ, ಮೂರನೇ ದಿನಕ್ಕೆ ಸ್ವಿಚ್ ಆಫ್ ಆಗುತ್ತದೆ. 60 ವ್ಯಾಟ್ ಫ್ಯಾನ್ ದಿನಕ್ಕೆ 6 ಗಂಟೆಯಂತೆ 22 ದಿನ ಓಡಿದರೆ ತಿಂಗಳಿಗೆ ಸುಮಾರು 8 ಯೂನಿಟ್. ಕರೆಂಟ್ ಬಿಲ್ ಯಾರು ಕಟ್ಟಬೇಕು ಎಂಬ ಪ್ರಶ್ನೆ ಬರುವ ಮುಂಚೆಯೇ ಈ ಲೆಕ್ಕ ಕೈಯಲ್ಲಿರಲಿ.

ಹೊರಗಿನ ಗಾಳಿಯೇ ಕೊಳಕಾಗಿದ್ದರೆ ಮಾತು ಬೇರೆ. ಹೆದ್ದಾರಿ ಪಕ್ಕದ ಶಾಲೆ, ಡೀಸೆಲ್ ಜನರೇಟರ್, ಕಾಂಪೌಂಡ್ ಆಚೆ ಸುಡುವ ಕಸ, ಸಿಲಿಂಡರ್ ಖಾಲಿಯಾದ ದಿನ ಬಿಸಿಯೂಟದ ಅಡುಗೆಮನೆಯಲ್ಲಿ ಉರಿಯುವ ಸೌದೆ. ಇವಕ್ಕೆ ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳನ್ನು ಅಳೆಯುವ ಮೀಟರ್ ಬೇಕು. ಇದು ಉಸಿರನ್ನು ಅಳೆಯುವುದಿಲ್ಲ, ಕಾರ್ಬನ್ ಡೈಆಕ್ಸೈಡ್ ಮೀಟರ್ ಹೊಗೆಯನ್ನು ಅಳೆಯುವುದಿಲ್ಲ. ಭಾರತದ 2009ರ ಮಾನದಂಡದಲ್ಲಿ ಪಿಎಂ 2.5 ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಮಳೆಗಾಲದ ಬೆಳಿಗ್ಗೆ, ಮಂಜಿನಲ್ಲಿ ಈ ಮೀಟರ್‌ಗಳು ನೀರಿನ ಕಣವನ್ನೂ ಧೂಳೆಂದು ಎಣಿಸುತ್ತವೆ. ಆ ಅಳತೆಗಳನ್ನು ಸಭೆಗೆ ತರಬೇಡಿ. ಸೀಮೆಸುಣ್ಣದ ಧೂಳು ದಪ್ಪ ಕಣ, ಈ ಮೀಟರ್‌ಗೆ ಸರಿಯಾಗಿ ಕಾಣುವುದಿಲ್ಲ, ಆದ್ದರಿಂದ ಸಂಖ್ಯೆ ಕಡಿಮೆಯಿದೆ ಎಂದು ಅದನ್ನು ಬಿಡಬಾರದು. ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು, ಪ್ರಾರ್ಥನೆಗೆ ಮುಂಚೆ ಗುಡಿಸುವ ಬದಲು ಹಿಂದಿನ ಸಂಜೆ ನೀರು ಚಿಮುಕಿಸಿ ಗುಡಿಸುವುದು, ಇಷ್ಟಕ್ಕೆ ಒಂದು ಪೈಸೆಯೂ ಬೇಡ. ಕಸ ಸುಡುವುದಕ್ಕೆ ಅಲ್ಮಿತ್ರಾ ಪಟೇಲ್ ಅವರ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಕೊಟ್ಟ ಆದೇಶವಿದೆ: ಸಾಧಾರಣ ಸುಡುವಿಕೆಗೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ದಂಡ. ಪಂಚಾಯಿತಿಗೆ ಬರೆಯುವ ಪತ್ರದಲ್ಲಿ ಈ ಒಂದು ವಾಕ್ಯ ಇರಲಿ.

ರಸ್ತೆ ಬದಿಯ ಕೊಠಡಿಗೆ ಫಿಲ್ಟರ್ ಪೆಟ್ಟಿಗೆ ನಾವೇ ಕಟ್ಟುತ್ತೇವೆ. ಅಮೆರಿಕದ ರಿಚರ್ಡ್ ಕಾರ್ಸಿ ಮತ್ತು ಜಿಮ್ ರೋಸೆಂತಾಲ್ 2020ರಲ್ಲಿ ರೂಪಿಸಿದ ವಿಧಾನ ಅದು. 20 ಇಂಚು ಚದರ, 2 ಇಂಚು ದಪ್ಪದ ಮರ್ವ್-13 (ಸಣ್ಣ ಕಣಗಳನ್ನೂ ಹಿಡಿಯುವ ದರ್ಜೆಯ) ಫಿಲ್ಟರ್ ನಾಲ್ಕನ್ನು ಗೋಡೆಯಂತೆ ನಿಲ್ಲಿಸಿ, ಅಡಿಗೆ ಪ್ಲೈವುಡ್, ಮೇಲೆ ದುಂಡನೆ ಕೊರೆದ ಪ್ಲೈವುಡ್‌ನಲ್ಲಿ ಗಾಳಿ ಮೇಲಕ್ಕೆ ದೂಡುವ ಫ್ಯಾನ್. ಅಲ್ಲಿಯ ಚೌಕ ಬಾಕ್ಸ್ ಫ್ಯಾನ್ ನಮ್ಮ ಅಂಗಡಿಗಳಲ್ಲಿ ಸಿಗುವುದು ಕಷ್ಟ, 12 ಇಂಚಿನ ಎಕ್ಸಾಸ್ಟ್ ಫ್ಯಾನ್ ಸಾಕು. ಫಿಲ್ಟರ್ ಮೇಲಿನ ಬಾಣದ ಗುರುತು ಒಳಮುಖವಾಗಿರಬೇಕು. ಪಾರ್ಸೆಲ್ ಅಂಟಿಸುವ ಕಂದು ಟೇಪ್ ಬೇಸಿಗೆಯಲ್ಲಿ ಬಿಟ್ಟುಕೊಳ್ಳುತ್ತದೆ, ಬಟ್ಟೆಯ ಟೇಪ್ ಹಾಕಿ. ಫ್ಯಾನಿನ ಡಬ್ಬದ ಮೇಲೆ ಬರೆದಿರುವುದು ತಡೆಯಿಲ್ಲದಾಗಿನ ಗಾಳಿ. ಫಿಲ್ಟರ್ ಮೂಲಕ ಎಳೆಯುವಾಗ ಅದರ ಅರ್ಧ ಎಂದೇ ಲೆಕ್ಕ ಹಾಕಿ. ಮೇಲೆ ಹೇಳಿದ ಅಳತೆಯ ಕೊಠಡಿಗೆ ಗಂಟೆಗೆ ಐದು ಸಲದ ಶುದ್ಧ ಗಾಳಿ ಬೇಕಾದರೆ ಸುಮಾರು 565 ಘನ ಮೀಟರ್. ಒಂದನ್ನು ಜೋರಾಗಿ ಓಡಿಸುವುದಕ್ಕಿಂತ ಎರಡನ್ನು ನಿಧಾನವಾಗಿ ಓಡಿಸಿದರೆ ಸದ್ದು ಕಡಿಮೆ.

ಪೆಟ್ಟಿಗೆ ಎರಡು ಕಾರಣಕ್ಕೆ ಸೋಲುತ್ತದೆ. ಒಂದು, ಅದು ಹೊಗೆ, ಧೂಳು, ರೋಗಾಣು ಹೊತ್ತ ಕಣಗಳನ್ನು ಹಿಡಿಯುತ್ತದೆಯೇ ಹೊರತು ಕಾರ್ಬನ್ ಡೈಆಕ್ಸೈಡ್ ಅನ್ನು ಅಲ್ಲ. ಮೀಟರ್ 1,600ರಲ್ಲೇ ನಿಂತಿರುವುದನ್ನು ನೋಡಿ "ಇದು ಕೆಲಸ ಮಾಡುತ್ತಿಲ್ಲ" ಎಂದು ಮೂಲೆಗೆ ತಳ್ಳುತ್ತಾರೆ. ಇದನ್ನು ಮೊದಲೇ ಹೇಳಿ. ಎರಡು, ಒಳ್ಳೆಯ ಮನಸ್ಸಿನಿಂದಲೇ ಯಾರೋ ಫಿಲ್ಟರನ್ನು ನಲ್ಲಿಯ ಕೆಳಗೆ ತೊಳೆಯುತ್ತಾರೆ. ನಾರಿನ ಮೇಲಿನ ವಿದ್ಯುದಾವೇಶ ಹೋಗಿ ಅದು ಬರೀ ಬಟ್ಟೆಯಾಗುತ್ತದೆ. "ನೀರು ತಾಗಿಸಬೇಡಿ" ಎಂದು ಪೆಟ್ಟಿಗೆಯ ನಾಲ್ಕೂ ಕಡೆ ದಪ್ಪಕ್ಷರದಲ್ಲಿ ಬರೆಯಿರಿ. ಓಝೋನ್ ಅಥವಾ ಅಯಾನು ಬಿಡುವ ಯಂತ್ರಗಳನ್ನು ದಾನವಾಗಿ ಕೊಡುತ್ತೇವೆಂದರೂ ಬೇಡ ಎನ್ನಿ. ಓಝೋನ್ ಮಕ್ಕಳ ಶ್ವಾಸಕೋಶಕ್ಕೆ ನೇರ ಹಾನಿ.

ಹಣದ ಮಾತು. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಶಾಲಾ ಸಮಿತಿಯ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಪೋಷಕರು, ಸರ್ಕಾರಿ ಶಾಲೆಯಲ್ಲಿ ಶಾಲಾ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದೂ ಆ ಸಮಿತಿಯೇ. ಸಮಗ್ರ ಶಿಕ್ಷಾ ಯೋಜನೆಯಡಿ ಸರ್ಕಾರಿ ಶಾಲೆಗೆ ಮಕ್ಕಳ ಸಂಖ್ಯೆಗೆ ತಕ್ಕಂತೆ ಶಾಲಾ ಅನುದಾನ ಬರುತ್ತದೆ, ದೊಡ್ಡ ಶಾಲೆಗೆ ವರ್ಷಕ್ಕೆ 1 ಲಕ್ಷದವರೆಗೆ. ಕೊಕ್ಕೆ, ಚಿಲಕ, ಜಾಲರಿಯನ್ನು ದುರಸ್ತಿ ಎಂದು ಅದರಲ್ಲಿ ಸೇರಿಸಬಹುದು. ಸಭೆಗೆ ಒಂದೇ ಪುಟ ಒಯ್ಯಿರಿ: ಕೊಠಡಿವಾರು ಸಂಖ್ಯೆ, ಕಿಟಕಿವಾರು ದುರಸ್ತಿ, ಬಡಗಿ ಬರೆದುಕೊಟ್ಟ ಅಂದಾಜು, ಕೆಲಸ ನೋಡಿಕೊಳ್ಳುವವರ ಹೆಸರು. ಒಪ್ಪಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಆದ ಮೇಲೆಯೇ ಏಳಬೇಕು. ಬರೀ ಮಾತಿನ ಒಪ್ಪಿಗೆ ಮುಂದಿನ ತಿಂಗಳು ಯಾರಿಗೂ ನೆನಪಿರುವುದಿಲ್ಲ. ಗ್ರಾಮೀಣ ಶಾಲೆಯಾದರೆ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಮೀಟರ್ ಹಿಡಿದು ಕೇಳಲಿ, ಅವರ ಪ್ರಶ್ನೆಗೆ ಪಿಡಿಒ ಅಲ್ಲೇ ಉತ್ತರಿಸಬೇಕಾಗುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಕೊನೆಯ ದಾರಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕೆಂಬ ನಿಯಮವಿದೆ. ಎಲ್ಲ ಕೊಠಡಿಗಳ ಎಲ್ಲ ದೂರನ್ನೂ ಒಂದರಲ್ಲಿ ತುರುಕಿದರೆ ವಾಪಸ್ ಬರುತ್ತದೆ.

ಮುಖ್ಯ ಶಿಕ್ಷಕರು ವರ್ಗವಾದರೆ ಕೆಲಸ ನಿಲ್ಲುವ ಸಂಭವ ಹೆಚ್ಚು. ಅದಕ್ಕೆ ಪ್ರತಿ ಕೊಠಡಿಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸುತ್ತೇವೆ: ಯಾವ ಕಿಟಕಿಗಳು ತೆರೆದಿರಬೇಕು, ಮಳೆ ಬಂದರೆ ಯಾವುದನ್ನು ಮಾತ್ರ ಮುಚ್ಚಬೇಕು, ಫಿಲ್ಟರ್ ಹಾಕಿದ ತಾರೀಖು, ಬದಲಿಸಬೇಕಾದ ತಿಂಗಳು. ಬಣ್ಣ ಹೊಡೆಯುವುದಿದ್ದರೆ ಬೇಸಿಗೆ ರಜೆಯ ಮೊದಲ ವಾರದಲ್ಲೇ ಮುಗಿಸಿ, ಉಳಿದ ರಜೆಯೆಲ್ಲ ಕಿಟಕಿ ತೆರೆದು ವಾಸನೆ ಹೋಗಲು ಬಿಡಬೇಕು. ಜೂನ್ ಮೊದಲ ವಾರ ಮತ್ತೆ ಊದುಬತ್ತಿ, ಏಣಿ, ಎಣ್ಣೆ ಡಬ್ಬಿ ಹಿಡಿದು ಒಂದು ಸುತ್ತು. ಹಿಂಜ್‌ಗಳಿಗೆ ಎಣ್ಣೆ, ಜಾಲರಿಗೆ ಸೋಪು ನೀರು, ಮೀಟರ್‌ಗೆ ಹೊರಗೆ ನೆರಳಿನಲ್ಲಿ 20 ನಿಮಿಷ.