ಬಲೂನ್ ಬೇಡ, ಕೂಲ್ ಡ್ರಿಂಕ್ಸ್ ಬಾಟ್ಲಿನೇ ಸಾಕು: ರಾಶಿ ಸಂರಕ್ಷಣಾ ನಿಯಮ ನಾನು ಕ್ಲಾಸಲ್ಲಿ ತೋರ್ಸೋದು ಹೀಗೆ

ರಾಸಾಯನಿಕ ಕ್ರಿಯೆಲಿ ಒಟ್ಟು ರಾಶಿ ಹೆಚ್ಚೂ ಆಗಲ್ಲ, ಕಮ್ಮಿನೂ ಆಗಲ್ಲ ಅನ್ನೋದೇ ಈ ನಿಯಮ. ಒಂಬತ್ತನೇ ಕ್ಲಾಸಿಗೆ ಇದನ್ನ ತೋರ್ಸೋಕೆ ತುಂಬಾ ಜನ ಬಾಟ್ಲಿ ಬಾಯಿಗೆ ಬಲೂನ್ ಸಿಗ್ಸಿ ಅಡುಗೆ ಸೋಡಾ, ವಿನೆಗರ್ ಬೆರೆಸ್ತಾರೆ, ನೋಡೋಕೆ ಚೆನ್ನಾಗಿರತ್ತೆ, ಮಕ್ಕಳೂ ಖುಷಿಯಾಗಿ ಕೂಗ್ತಾರೆ, ಆದ್ರೆ ಡಿಜಿಟಲ್ ತಕ್ಕಡಿ ಮೇಲಿಟ್ರೆ ತೂಕ ಕಮ್ಮಿ ಬರತ್ತೆ. ಲೀಕ್ ಏನೂ ಆಗಿರಲ್ಲ. 4.2 ಗ್ರಾಂ ಸೋಡಾ ವಿನೆಗರ್ ಜೊತೆ ಪೂರ್ತಿ ವರ್ತಿಸಿದ್ರೆ 2.2 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರತ್ತೆ, ಹೆಚ್ಚುಕಮ್ಮಿ 1.2 ಲೀಟರ್. ಬಲೂನ್ ಅಷ್ಟು ಊದ್ಕೊಂಡಾಗ ಅಷ್ಟೇ ಗಾಳಿನ ಪಕ್ಕಕ್ಕೆ ತಳ್ಳತ್ತೆ, ಲೀಟರ್ ಗಾಳಿ ಸುಮಾರು 1.2 ಗ್ರಾಂ ತೂಗತ್ತಲ್ಲ, ಬಾವಿಲಿ ಕೊಡ ನೀರೊಳಗಿರೋ ತನಕ ಹಗುರ ಅನ್ಸೋ ಹಾಗೇನೇ, ತಕ್ಕಡಿ ಸುಮಾರು 1.4 ಗ್ರಾಂ ಕಮ್ಮಿ ತೋರ್ಸತ್ತೆ. ಇದನ್ನ ನಾನು ತೇಲುವಿಕೆ ಪಾಠಕ್ಕೆ ಇಟ್ಕೋತೀನಿ, ದಾರ ಸುತ್ತಿ ಬಲೂನ್ ಸುತ್ತಳತೆ ತಗೊಂಡು ಲೆಕ್ಕ ಹಾಕ್ಸಿದ್ರೆ ಒಳ್ಳೆ ಕೆಲ್ಸ.

ರಾಶಿ ಪಾಠಕ್ಕೆ ಮಾತ್ರ ಒಂದೂಕಾಲು ಲೀಟರ್ ಪ್ಲಾಸ್ಟಿಕ್ ಬಾಟ್ಲಿ. ತಳದಲ್ಲಿ 100 ಎಂಎಲ್ ವಿನೆಗರ್, ಅದೇ 4.2 ಗ್ರಾಂ ಸೋಡಾ ತುಂಬಿದ ಸಣ್ಣ ಟೆಸ್ಟ್ ಟ್ಯೂಬನ್ನ ದಾರ ಕಟ್ಟಿ ಮೆಲ್ಲಗೆ ಇಳಿಸಿ ನಿಲ್ಸೋದು, ಮುಚ್ಚಳ ಬಿಗಿ ಮಾಡಿ ತೂಕ ಬೋರ್ಡ್ ಮೇಲೆ ಬರ್ಸಿ, ಆಮೇಲೆ ಬಾಟ್ಲಿ ಓರೆ ಮಾಡೋದು. ಸೋಡಾನ ಟಿಶ್ಯೂಲಿ ಸುತ್ತಿ ಹಾಕೋರೂ ಇದಾರೆ, ಮುಚ್ಚಳ ತಿರುಗ್ಸೋದ್ರೊಳಗೆ ಗ್ಯಾಸ್ ಹೋಗ್ಬಿಡತ್ತೆ, ನಂಗೆ ಅದು ಸರಿ ಕಾಣಲ್ಲ. ಸೋಡಾ ಇದಕ್ಕಿಂತ ಜಾಸ್ತಿ ಹಾಕ್ಬೇಡಿ, ಗಾಜಿನ ಬಾಟ್ಲಿ ಅಂತೂ ಮುಟ್ಲೇಬೇಡಿ, ಒಳಗೆ ಪ್ರೆಶರ್ ಡಬಲ್ ಆಗತ್ತೆ.

ನೊರೆ ಬುಸ್ ಅಂತ ಏಳತ್ತೆ, ಬಾಟ್ಲಿ ಒತ್ತಿದ್ರೆ ಕಲ್ಲಿನ ಹಾಗೆ ಗಟ್ಟಿ, ತಣ್ಣಗೂ ಆಗಿರತ್ತೆ. ತೂಕ ಮಾತ್ರ 0.1 ಗ್ರಾಂ ತಕ್ಕಡಿಲಿ ಅಷ್ಟೇ ನಿಲ್ಲತ್ತೆ. ಈಗ ಮುಚ್ಚಳ ಸಡಿಲ ಮಾಡಿ, ತೆಗ್ದ ಮುಚ್ಚಳನೂ ತಕ್ಕಡಿ ಮೇಲೇ ಇಡಿ, ಒಂದು ಗ್ರಾಂಗಿಂತ ಜಾಸ್ತಿ ಇಳಿಯತ್ತೆ, ಅಲ್ಲೀವರೆಗೂ ಗ್ಯಾಸಿಗೆ ತೂಕ ಎಲ್ಲಿ ಸಾರ್ ಅಂತಿದ್ದವ್ರೂ ಬಗ್ಗಿ ನೋಡ್ತಾರೆ.

ಫ್ರೆಂಚ್ ರಸಾಯನ ವಿಜ್ಞಾನಿ ಲವಾಸಿಯೆ ಕಥೆ ಹೇಳೋಕೆ ಇದೇ ಟೈಮು. 1774ರಲ್ಲಿ ಅವನು ತವರನ ಗಾಜಿನ ಪಾತ್ರೆಲಿ ಸೀಲ್ ಮಾಡಿ ಕಾಯ್ಸಿ, ಬಾಯಿ ತೆಗೆಯೋ ಮುಂಚೆನೇ ತೂಗ್ದ, ತೂಕ ಬದಲಾಗಿರ್ಲಿಲ್ಲ, ತೆಗೆದ್ಮೇಲೆ ಜಾಸ್ತಿ ಆಯ್ತು. ಅವನಿಗೂ ಮುಂಚೆ ರಾಬರ್ಟ್ ಬಾಯ್ಲ್ ಅನ್ನೋ ವಿಜ್ಞಾನಿ ಪಾತ್ರೆ ಬಾಯಿ ತೆಗೆದ ಮೇಲೆ ತೂಗಿ, ಬೆಂಕಿಯ ಕಣಗಳೇ ಗಾಜು ದಾಟಿ ಲೋಹಕ್ಕೆ ಸೇರ್ಕೊಂಡ್ವು ಅಂದ್ಕೊಂಡಿದ್ದ. ನಮ್ ಬಾಟ್ಲಿ ತೆಗೆದ್ರೆ ಇಳಿದ ತೂಕ ಲವಾಸಿಯೆ ಪಾತ್ರೆಲಿ ಏರಿದ್ದು ಯಾಕೆ ಅಂತ ಮಕ್ಕಳನ್ನೇ ಕೇಳಿ, ತವರ ಒಳಗಿನ ಗಾಳಿ ತಿಂದಿರತ್ತೆ, ಆ ಖಾಲಿ ಜಾಗಕ್ಕೆ ಹೊರಗಿನ ಗಾಳಿ ನುಗ್ಗತ್ತೆ ಅಂತ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ.