‘ಹಕ್ಕಿ ಹಾರುತಿದೆ ನೋಡಿದಿರಾ’: ಕವಿತೆಯೊಳಗಿನ ಪ್ರಾಣಿಯನ್ನು ಬಿಡಿಸಿ ಓದುವುದು ಹೇಗೆ

ಬೇಂದ್ರೆಯವರ ಈ ಕವಿತೆ ಎದುರಿಗೆ ಬಂದ ಕೂಡಲೇ ‘ಹಕ್ಕಿ ಅಂದರೆ ಕಾಲ’ ಎಂದು ಪುಟದ ಅಂಚಿನಲ್ಲಿ ಬರೆದು ಮುಗಿಸುವವರೇ ಹೆಚ್ಚು. ಉತ್ತರ ತಪ್ಪಲ್ಲ. ಆದರೆ ಅಲ್ಲಿಗೇ ನಿಂತರೆ ಏಳು ನುಡಿಗಳ (ಪದ್ಯಖಂಡಗಳ) ಕವಿತೆ ಒಂದೇ ಸಾಲಿಗೆ ಇಳಿದುಬಿಡುತ್ತದೆ. ಪ್ರಾಣಿಪ್ರತಿಮೆಯಿರುವ ಯಾವ ಕವಿತೆಯಲ್ಲೇ ಆಗಲಿ, ಸಮೀಕರಣ ಎಲ್ಲಿ ಮುರಿಯುತ್ತದೋ ಅಲ್ಲಿಂದಲೇ ಓದು ಶುರುವಾಗಬೇಕು.

ಮೊದಲು ಕವಿತೆಯನ್ನು ಪೂರ್ತಿಯಾಗಿ ಎರಡು ಸಲ ಗಟ್ಟಿಯಾಗಿ ಓದಿ. ‘ಕಾಲ’ವನ್ನು ಸದ್ಯಕ್ಕೆ ಮರೆತು, ಅದು ಬರೀ ಹಕ್ಕಿ ಎಂದೇ ಇಟ್ಟುಕೊಳ್ಳಿ. ಆಮೇಲೆ ಹಕ್ಕಿ ಮಾಡುವ ಕೆಲಸಗಳನ್ನೆಲ್ಲ ಹಾಳೆಯ ಮೇಲೆ ಎರಡು ಕಾಲಂಗಳಲ್ಲಿ ಬರೆಯಿರಿ. ನಿಜವಾದ ಹಕ್ಕಿ ಮಾಡಬಲ್ಲದ್ದು ಒಂದು ಕಡೆ: ಹಾರುವುದು, ಮುಕ್ಕುವುದು, ಕುಕ್ಕುವುದು, ಹೀರುವುದು, ರೆಕ್ಕೆ ಬೀಸುವುದು. ಅದರ ಕೈಲಾಗದ್ದು ಇನ್ನೊಂದು ಕಡೆ: ತೆನೆ ಒಕ್ಕುವುದು, ಖಂಡಗಳನ್ನು ಮುಳುಗಿಸುವುದು, ಹಣೆಬರಹ ಒರಸುವುದು, ಹರಸುವುದು. ಹತ್ತು ನಿಮಿಷದ ಈ ಕೆಲಸವನ್ನು ಬಿಟ್ಟವರ ವ್ಯಾಖ್ಯಾನ ಸಾಮಾನ್ಯವಾಗಿ ‘ಕಾಲದ ಮಹಿಮೆ’ ಎಂಬ ಬಾಯಿಪಾಠದ ಮಾತಿನಲ್ಲಿ ಕೊನೆಯಾಗುತ್ತದೆ.

ಈಗ ನಾಲ್ಕನೆಯ ನುಡಿಯನ್ನೂ ಐದನೆಯದನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಾಲ್ಕರಲ್ಲಿ ಹಕ್ಕಿ ಸಾಮ್ರಾಜ್ಯದ ತೆನೆ ಒಕ್ಕುತ್ತದೆ, ಸಾರ್ವಭೌಮರ ನೆತ್ತಿ ಕುಕ್ಕುತ್ತದೆ. ಐದರಲ್ಲಿ ಅದೇ ಹಕ್ಕಿ ರೆಕ್ಕೆ ಬೀಸಿ ಜೀವ ತುಂಬುತ್ತದೆ, ಹಸುಮಕ್ಕಳನ್ನು ಹರಸುತ್ತದೆ. ವಿರೋಧ ಎದ್ದು ಕಾಣುವುದು ಇಲ್ಲಿ. ‘ಕಾಲದಲ್ಲಿ ಒಳಿತೂ ಇದೆ ಕೆಡುಕೂ ಇದೆ’ ಎಂದು ಬರೆದರೆ ವಿರೋಧವನ್ನು ವಿವರಿಸಿದಂತಾಗುವುದಿಲ್ಲ, ಮುಚ್ಚಿಟ್ಟಂತಾಗುತ್ತದೆ. ಬದಲಿಗೆ ಎರಡು ಪ್ರಶ್ನೆ ಕೇಳಿ.

ಏಟು ಯಾರಿಗೆ, ಹರಕೆ ಯಾರಿಗೆ? ಏಟು ಬೀಳುವುದು ರಾಜ್ಯ, ಸಾಮ್ರಾಜ್ಯ, ಸಾರ್ವಭೌಮರಿಗೆ, ಹರಕೆ ಕೂಸುಗಳಿಗೆ. ಕವಿತೆಯಿರುವ ‘ಗರಿ’ ಸಂಕಲನ ಬಂದದ್ದು 1932ರಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿ. ಅದೇ ಸಂಕಲನದ ‘ನರಬಲಿ’ ಕವಿತೆಗಾಗಿ ಕವಿ ಸೆರೆವಾಸ ಅನುಭವಿಸಬೇಕಾಯಿತು. ‘ಸಾಮ್ರಾಜ್ಯ’ ಎಂಬ ಮಾತು ಅಂದಿನ ಓದುಗರ ಕಿವಿಗೆ ಪುರಾಣದ ಮಾತಾಗಿ ಮಾತ್ರ ಬಿದ್ದಿರಲಾರದು. ಹಾಗೆಂದು ಇಡೀ ಕವಿತೆಯನ್ನು ರಾಜಕೀಯಕ್ಕೆ ಕಟ್ಟಿಹಾಕಲೂ ಬೇಡಿ. ಖಂಡಖಂಡಗಳೇ ಮುಳುಗುವಾಗ ಸಾರ್ವಭೌಮರಷ್ಟೇ ಮುಳುಗುವುದಿಲ್ಲವಲ್ಲ.

ಎರಡನೆಯದು, ನಾಶಕ್ಕೆ ಬಳಸಿದ ಕ್ರಿಯಾಪದ ಎಂಥದ್ದು? ನಿಮ್ಮ ಕಾಲಂಗಳಿಗೆ ಹಿಂದಿರುಗಿ. ಮುಕ್ಕುವುದು, ಕುಕ್ಕುವುದು ಎರಡೂ ಹಕ್ಕಿ ದಿನಾ ಮಾಡುವ ಕೆಲಸ, ಹೊಟ್ಟೆಪಾಡು. ಅದರಲ್ಲಿ ಸಿಟ್ಟಿಲ್ಲ, ಶಿಕ್ಷೆ ಕೊಡುವ ಉದ್ದೇಶವಿಲ್ಲ. ಕಿರೀಟ ಹೊತ್ತ ನೆತ್ತಿಯೂ ಅದಕ್ಕೆ ಒಂದು ಕಾಳು. ಮೆಚ್ಚಬೇಕಾದ ಕುಸುರಿ ಇದು: ಸಾಮ್ರಾಜ್ಯವನ್ನು ಸಣ್ಣದು ಮಾಡಲು ಕವಿ ಬೈಯುವುದಿಲ್ಲ, ಅದನ್ನು ಹಕ್ಕಿಯ ಮುಂದೆ ತೆನೆಯಾಗಿ ಇಡುತ್ತಾರೆ.

ಇನ್ನು ಸಮೀಕರಣ ಮುರಿಯುವ ಜಾಗ. ಮೊದಲ ನುಡಿಯಲ್ಲಿ ಹಕ್ಕಿ ಹಾರುವುದು ಎವೆಯಿಕ್ಕುವ ‘ಹೊತ್ತಿನ ಒಳಗೆ’. ಐದರಲ್ಲಿ ಅದು ಹರಸುವುದು ‘ಹೊಸಗಾಲದ’ ಮಕ್ಕಳನ್ನು. ಹಕ್ಕಿಯೇ ಕಾಲವಾದರೆ ಅದು ತನ್ನೊಳಗೇ ಹಾರಬೇಕು. ಹೀಗಾಗಿ ಗಡಿಯಾರ ಎಣಿಸುವ ಹೊತ್ತು ಬೇರೆ, ಅದರೊಳಗೆ ಹಾದುಹೋಗುವ ಈ ಶಕ್ತಿ ಬೇರೆ ಎಂದು ಓದಲು ಕವಿತೆಯೇ ದಾರಿ ಬಿಡುತ್ತದೆ. ಪಲ್ಲವಿಯ ಕ್ರಿಯಾಪದಗಳ ಕಾಲರೂಪಗಳನ್ನೂ ಗಮನಿಸಿ: ‘ಹಾರುತಿದೆ’ ಈಗ ನಡೆಯುತ್ತಿರುವುದು, ‘ನೋಡಿದಿರಾ’ ಆಗಿಹೋದದ್ದು. ಪ್ರಶ್ನೆ ಕಿವಿಗೆ ಬೀಳುವ ಹೊತ್ತಿಗೆ ನೋಡುವ ಗಳಿಗೆ ಕೈಜಾರಿರುತ್ತದೆ.

ಗರುಡ, ಜೀವಾತ್ಮ, ಉಪನಿಷತ್ತಿನ ಹಕ್ಕಿಗಳು ಇಲ್ಲಿ ನೆನಪಾಗುವುದು ಸಹಜ. ಆದರೆ ಆ ಹೋಲಿಕೆಯನ್ನು ಹಿಡಿದು ನಿಲ್ಲಿಸುವ ಒಂದು ಸಾಲನ್ನಾದರೂ ಕವಿತೆಯಿಂದಲೇ ತೋರಿಸಲಾಗದಿದ್ದರೆ ಅದನ್ನು ಬಿಟ್ಟುಬಿಡಿ.

ಕೊನೆಯ ನುಡಿಯಲ್ಲಿ ಹಕ್ಕಿ ಬ್ರಹ್ಮಾಂಡಗಳನ್ನು ಒಡೆಯಲು ಚುಂಚ ಚಾಚುತ್ತದೆ. ಅಂಡ ಒಡೆಯುವುದು ಹಾಳುಮಾಡಲೂ ಆಗಬಹುದು, ಮರಿ ಹೊರಬರಲೂ ಆಗಬಹುದು. ‘ಬಲ್ಲರು ಯಾರಾ’ ಎಂದು ಕವಿಯೇ ತೀರ್ಪು ಕೊಡದೆ ಬಿಟ್ಟಿರುವಾಗ ನಿಮ್ಮ ಬರಹವೂ ಕೊಡಬಾರದು. ಎರಡೂ ಅರ್ಥಗಳನ್ನು ಹೇಳಿ, ಯಾವ ಪದ ಯಾವುದಕ್ಕೆ ಒತ್ತು ಕೊಡುತ್ತದೆ ಎಂದು ತೋರಿಸಿದರೆ ಸಾಕು.

ಬರೆದು ಮುಗಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ನಿಮ್ಮ ವ್ಯಾಖ್ಯಾನದಲ್ಲಿ ಹಕ್ಕಿ ಎಂದಿರುವಲ್ಲೆಲ್ಲ ‘ಹೊಳೆ’ ಎಂದು ಹಾಕಿ ಓದಿ. ಹೊಳೆ ತೇಲಿಸಬಲ್ಲದು, ಮುಳುಗಿಸಬಲ್ಲದು. ಅದು ಕುಕ್ಕಲಾರದು, ಅದಕ್ಕೆ ಚುಂಚವಿಲ್ಲ. ಬದಲಾಯಿಸಿದ ಮೇಲೂ ನಿಮ್ಮ ವಾಕ್ಯಗಳು ಸಲೀಸಾಗಿ ನಿಂತರೆ, ನೀವು ಬರೆದದ್ದು ಕಾಲದ ಬಗ್ಗೆ, ಈ ಹಕ್ಕಿಯ ಬಗ್ಗೆ ಅಲ್ಲ. ಆಗ ಕ್ರಿಯಾಪದಗಳ ಹಾಳೆಯನ್ನು ಮತ್ತೆ ತೆರೆದು, ಮೊದಲ ಕಾಲಂನಿಂದಲೇ ತಿದ್ದಲು ತೊಡಗಿ.