ಯುರೋಪಿಯನ್ ಒಕ್ಕೂಟದ ಮತ್ತೊಂದು ದೇಶದಿಂದ ಕೊಂಡ ವಸ್ತುವನ್ನು ಹಿಂದಿರುಗಿಸುವ ಕ್ರಮ

ಯುರೋಪಿಯನ್ ಒಕ್ಕೂಟದ ಒಂದು ದೇಶದಲ್ಲಿ ನೆಲೆಸಿದ್ದು, ಮತ್ತೊಂದು ಸದಸ್ಯ ದೇಶದ ಅಂಗಡಿಯಿಂದ ಆನ್‌ಲೈನ್‌ನಲ್ಲಿ ವಸ್ತು ತರಿಸಿಕೊಂಡವರು, ಅದು ಕೈಸೇರಿದ 14 ದಿನಗಳೊಳಗೆ ಯಾವ ಕಾರಣವನ್ನೂ ಹೇಳದೆ ಖರೀದಿಯನ್ನು ರದ್ದುಪಡಿಸಬಹುದು. ವಸ್ತುವನ್ನು ಸುಮ್ಮನೆ ಅಂಚೆಯಲ್ಲಿ ಮರಳಿಸಿದರೆ ಸಾಲದು. ರದ್ದುಪಡಿಸುತ್ತಿರುವುದಾಗಿ ಮಾರಾಟಗಾರರಿಗೆ ಸ್ಪಷ್ಟವಾಗಿ ತಿಳಿಸಬೇಕು. ಅದನ್ನು ಇಮೇಲ್‌ನಲ್ಲಿ ಬರೆದು ಪ್ರತಿಯನ್ನು ಇಟ್ಟುಕೊಳ್ಳುವುದೇ ಕ್ಷೇಮ. ತಿಳಿಸಿದ ಮೇಲೆ 14 ದಿನಗಳೊಳಗೆ ವಸ್ತುವನ್ನು ಕಳುಹಿಸಬೇಕು. ಮಾರಾಟಗಾರರು ಬೆಲೆಯ ಜೊತೆಗೆ, ಮೊದಲು ಪಡೆದ ಸಾಮಾನ್ಯ ಸಾಗಣೆ ವೆಚ್ಚವನ್ನೂ ಕೊಡಬೇಕು. ಹಿಂದಿರುಗಿಸುವ ವೆಚ್ಚ ಮಾತ್ರ ಸಾಮಾನ್ಯವಾಗಿ ಕೊಂಡವರದು. ಈ ಹಕ್ಕನ್ನು ಮಾರಾಟಗಾರರು ತಿಳಿಸಿಯೇ ಇರದಿದ್ದರೆ ರದ್ದುಪಡಿಸುವ ಗಡುವು ಇನ್ನೂ 12 ತಿಂಗಳು ಮುಂದಕ್ಕೆ ಹೋಗುತ್ತದೆ ಎಂಬುದು ಪ್ರತಿಯೊಬ್ಬರಿಗೂ ಗೊತ್ತಿರಲೇಬೇಕಾದ ಸಂಗತಿ. ಅಳತೆ ಕೊಟ್ಟು ಹೊಲಿಸಿದ ಬಟ್ಟೆಗೆ, ನಿಗದಿತ ದಿನದ ಹೋಟೆಲ್ ಕೋಣೆಗೆ, ವಿಮಾನದ ಟಿಕೆಟ್ಟಿಗೆ ರದ್ದುಪಡಿಸುವ ಈ ಹಕ್ಕು ಅನ್ವಯಿಸದು.

ವಿಮಾನಯಾನಕ್ಕೆ 2004ರ ಪ್ರತ್ಯೇಕ ನಿಯಮವಿದೆ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಹೊರಟವರು ವಿಮಾನ ಕಂಪನಿಯದೇ ಲೋಪದಿಂದ 4 ಗಂಟೆಗೂ ಹೆಚ್ಚು ತಡವಾಗಿ ತಲುಪಿದರೆ, ಅವರ ಪೌರತ್ವ ಯಾವುದೇ ಇರಲಿ, 600 ಯೂರೊ ಪರಿಹಾರವನ್ನು ಕೇಳಬಹುದು.

ಬೇರೆ ಸದಸ್ಯ ದೇಶದ ಕಂಪನಿ ಉತ್ತರಿಸದಿದ್ದರೆ, ತಾವು ನೆಲೆಸಿರುವ ದೇಶದ ಯುರೋಪಿಯನ್ ಗ್ರಾಹಕ ಕೇಂದ್ರಕ್ಕೆ ರಸೀದಿ ಹಾಗೂ ಪತ್ರವ್ಯವಹಾರದೊಡನೆ ದೂರು ಸಲ್ಲಿಸಬೇಕು, ಅದಕ್ಕೆ ಶುಲ್ಕವಿಲ್ಲ.